ಖಾಲಿ ಹೆಸರು ಒಳಗೆ, ಕನ್ನಡದ ಊರು ಹೊರಗೆ: ಜಾವಾ ವ್ಯಾಲಿಡೇಶನ್ ಪ್ರಶ್ನೆ

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ):
ಅಕ್ಕಾ, ನಮ್ಮೂರ ವಾಚನಾಲಯಕ್ಕೆ ಸದಸ್ಯರ ಫಾರ್ಮ್ ಮಾಡ್ತಾ ಇದ್ದೇನೆ. ಜಾವಾದ ವೆಬ್ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್ 3ರಲ್ಲಿ. ಹೆಸರಿನ ಫೀಲ್ಡ್ ಮೇಲೆ ‘ಖಾಲಿ ಬಿಡಬಾರದು’ ಎನ್ನುವ ನಾಟ್‌ಬ್ಲಾಂಕ್ ಅನೋಟೇಶನ್ ಹಾಕಿದ್ದೇನೆ. ಆದರೂ ಖಾಲಿ ಹೆಸರು ಸೀದಾ ಡೇಟಾಬೇಸಿಗೆ ಹೋಗುತ್ತದೆ. ಎರರ್ ಕೂಡ ಇಲ್ಲ. ಎರಡು ದಿನದಿಂದ ತಲೆ ಕೆಟ್ಟಿದೆ.

ಉತ್ತರ:
ತಮ್ಮಾ, ಅನೋಟೇಶನ್ ಅಂದರೆ ಫೀಲ್ಡಿಗೆ ಅಂಟಿಸಿದ ಚೀಟಿ ಅಷ್ಟೆ. ಅದನ್ನು ಓದುವವರು ಬೇಕಲ್ವಾ? ಫಾರ್ಮ್ ಕಳಿಸಿದಾಗ ಓಡುವ ಕಂಟ್ರೋಲರ್ ಮೆಥಡ್‌ಗೆ ಫಾರ್ಮ್ ಆಬ್ಜೆಕ್ಟ್ ಬರುವಲ್ಲಿ, ಅದರ ಮುಂದೆ ‘ಇದನ್ನು ಪರೀಕ್ಷಿಸು’ ಎನ್ನುವ ವ್ಯಾಲಿಡ್ ಹಾಕಿದ್ದೀಯಾ ನೋಡು. ಅದರ ಪಕ್ಕದಲ್ಲೇ ಸಿಕ್ಕ ತಪ್ಪುಗಳನ್ನು ಹಿಡಿದಿಡುವ ಬೈಂಡಿಂಗ್‌ರಿಸಲ್ಟ್ ಇದ್ದರೆ, ತಪ್ಪು ಇದೆಯಾ ಎಂದು ನೀನೇ ಕೇಳಬೇಕು. ಕೇಳದಿದ್ದರೆ ಸುಮ್ನೆ ಸೇವ್ ಆಗಿಬಿಡುತ್ತದೆ.

ಎರಡೂ ಸರಿ ಇದ್ದರೆ, ಚೀಟಿಗಳನ್ನು ಎಲ್ಲಿಂದ ತಂದಿದ್ದೀಯಾ ಎಂದು ಇಂಪೋರ್ಟ್ ಸಾಲು ನೋಡು. ಬೂಟ್ 3ಕ್ಕೆ ಜಕಾರ್ತಾ (ಜಾವಾಎಕ್ಸ್‌ನ ಹೊಸ ಹೆಸರು) ವ್ಯಾಲಿಡೇಶನ್ ಬೇಕು. ಹಳೇ ಜಾವಾಎಕ್ಸ್ ಚೀಟಿಗಳು ಅದರ ಕಣ್ಣಿಗೇ ಬೀಳುವುದಿಲ್ಲ. ಬೂಟ್ 2.3ರಿಂದ ಪರೀಕ್ಷೆಯ ಲೈಬ್ರರಿ ತರುವ ವ್ಯಾಲಿಡೇಶನ್ ಸ್ಟಾರ್ಟರನ್ನೂ ಬೇರೆಯಾಗಿ ಸೇರಿಸಬೇಕು.

ಪ್ರಶ್ನೆ:
ಜಾವಾಎಕ್ಸೇ ಇತ್ತು ಅಕ್ಕಾ! ಹಳೇ ಪ್ರಾಜೆಕ್ಟಿನಿಂದ ಜಾರ್ (ಲೈಬ್ರರಿ ಫೈಲ್) ಸಮೇತ ಕಾಪಿ ಮಾಡಿದ್ದೆ. ಈಗ ಖಾಲಿ ಹೆಸರು ನಿಂತಿತು. ಆದರೆ ಊರಿನ ಜಾಗದಲ್ಲಿ ‘ಕಾಸರಗೋಡು’ ಎಂದು ಬರೆದರೆ ತಪ್ಪು ಅನ್ನುತ್ತದೆ. ಎಲ್ಲ ಭಾಷೆಯೂ ಬರಲಿ ಅಂತ ಯಾವ ಅಕ್ಷರ ಬರಬಹುದು ಎಂದು ಹೇಳುವ ಪ್ಯಾಟರ್ನ್‌ನಲ್ಲಿ ಯೂನಿಕೋಡಿನ ಎಲ್ (ಅಕ್ಷರಗಳ) ವರ್ಗ ಹಾಕಿದ್ದೇನಲ್ಲ?

ಉತ್ತರ:
ಎಲ್ ವರ್ಗದಲ್ಲಿ ಕ, ಸ, ರ, ಗ, ಡ ಇವೆ. ‘ಕಾ’ದ ಇಳಿ, ‘ಗೋ’ದ ಓತ್ವ, ‘ಡು’ವಿನ ಕೊಂಬು ಇಲ್ಲ. ಅವು ಎಮ್ ಎಂಬ ಬೇರೆ ವರ್ಗ, ಅಕ್ಷರಕ್ಕೆ ಅಂಟುವ ಚಿಹ್ನೆಗಳದ್ದು. ಎರಡನ್ನೂ ಒಂದೇ ಚೌಕ ಆವರಣದೊಳಗೆ ಹಾಕು. ಸ್ಪೇಸ್, ಚುಕ್ಕಿಯೂ ಇರಲಿ, ಹೆಸರಿಗೆ ಇನಿಶಿಯಲ್ ಬರೆಯುವವರೇ ನಮ್ಮಲ್ಲಿ ಜಾಸ್ತಿ. ಮಲಯಾಳದಲ್ಲಿ ತುಂಬಿಸುವವರಿಗೂ ಇದೇ ಪ್ಯಾಟರ್ನ್ ಸಾಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಎರಡೂ ಬೇಕೇ ಬೇಕು. ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಬರೆದವರಿಗೆ ‘ಇದು ತಪ್ಪು’ ಎಂದು ಫಾರ್ಮ್ ಹೇಳಬಾರದು.

ಉದ್ದದ ಮಿತಿ ಹೇಳುವ ಸೈಜ್ ಹಾಕುವಾಗಲೂ ಜಾಗ್ರತೆ. ‘ಮಂಜೇಶ್ವರ’ ನಮ್ಮ ಕಣ್ಣಿಗೆ 4 ಅಕ್ಷರ, ಜಾವಾ ಎಣಿಸುವುದು 8. ಅನುಸ್ವಾರ, ಏತ್ವ, ಒತ್ತಕ್ಷರದ ನಡುವಿನ ಹಲಂತ ಎಲ್ಲ ಲೆಕ್ಕಕ್ಕೆ ಬರುತ್ತವೆ. ಮ್ಯಾಕ್ಸ್ 20 ಇಟ್ಟರೆ ಮನೆ ಹೆಸರು, ತಂದೆ ಹೆಸರು ಸೇರಿಸಿ ಬರೆದವರು ಹೊರಗೇ ಉಳಿಯುತ್ತಾರೆ. 100 ಇಡು.

ಮತ್ತೆ, ಪ್ಯಾಟರ್ನ್ ಇದೆಯಲ್ಲ ಅಂತ ನಾಟ್‌ಬ್ಲಾಂಕ್ ತೆಗೆಯಬೇಡ. ನಲ್ (ಬೆಲೆಯೇ ಇಲ್ಲದ ಸ್ಥಿತಿ) ಬಂದರೆ ಪ್ಯಾಟರ್ನ್ ಸರಿ ಎಂದೇ ಬಿಡುತ್ತದೆ.