ಸೆಡೋನಾ ಮೌಂಟೇನ್ ಬೈಕ್ ಫೆಸ್ಟಿವಲ್‌ಗೆ ಹೋಗಿ ಬಂದವರು ಯಾರಾದ್ರೂ ಇದ್ದೀರಾ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ. ನಾವಿರೋದು ಫೀನಿಕ್ಸ್ ಹತ್ರ ಚಾಂಡ್ಲರ್‌ನಲ್ಲಿ, ಬರೋ ಮಾರ್ಚ್‌ನಲ್ಲಿ ಇಲ್ಲೇ ಅರಿಜೋನಾದ ಸೆಡೋನಾ ಊರಲ್ಲಿ ನಡೆಯೋ ಫೆಸ್ಟಿವಲ್‌ಗೆ ನಾನು ನನ್ನ ತಂಗಿ ಇಬ್ರೂ ಹೋಗ್ಬೇಕು ಅಂತಿದೀವಿ, ಇದೇ ಮೊದಲ ಸಲ. ಬೆಂಗಳೂರಲ್ಲಿದ್ದಾಗ ತುರಹಳ್ಳಿ ಕಾಡಲ್ಲಿ ಪ್ರತಿ ಭಾನುವಾರ ಓಡಿಸ್ತಿದ್ದೆ, ಬಂಡೆ ಮೇಲೆ ಹತ್ತಿಸೋದು ಇಳಿಸೋದು ಅಭ್ಯಾಸ ಇದೆ. ಆದ್ರೆ ಸೆಡೋನಾದ್ದು ಕೆಂಪು ಮರಳುಗಲ್ಲು, ಟೈರ್ ಚೆನ್ನಾಗಿ ಹಿಡಿಯತ್ತೆ ಅಂತಾರೆ, ಅದರ ಮೇಲೆ ಪುಡಿ ಮಣ್ಣು ಕೂತಿದ್ರೆ ಮಾತ್ರ ಜಾರತ್ತಂತೆ, ಅದೇ ಭಯ. ಹೋದ ತಿಂಗಳು ಇಲ್ಲೇ ಮನೆ ಹತ್ರ ತಿರುವಲ್ಲಿ ಸಣ್ಣ ಜಲ್ಲಿ ಮೇಲೆ ಮುಂದಿನ ಬ್ರೇಕ್ ಹಿಡಿದು ಬಿದ್ದು ಮೊಣಕೈ ಪೂರ್ತಿ ತರಚಿಹೋಯ್ತು, ಇನ್ನೂ ಗುರುತಿದೆ.

ಗ್ರೂಪ್ ರೈಡಲ್ಲಿ ನಿಧಾನಕ್ಕೆ ಹೋಗೋರಿಗೆ ಬೇರೆ ಗುಂಪು ಇರತ್ತಾ, ಇಲ್ಲ ಎಲ್ರನ್ನೂ ಒಟ್ಟಿಗೇ ಕರ್ಕೊಂಡು ಹೋಗ್ತಾರಾ? ತಂಗಿಗೆ ಅಲ್ಲಿನ ಬೆಲ್ ರಾಕ್ ಪಾತ್‌ವೇ ಅನ್ನೋ ಟ್ರೇಲ್ (ಬೈಕ್ ದಾರಿ) ಸಾಕು, ಅದು ಅಗಲವಾಗಿದೆ ಸುಲಭ. ನಂಗೆ ಸ್ಲಿಮ್ ಶೇಡಿ, ಮೆಸ್ಕಾಲ್ ಟ್ರೇಲ್‌ಗಳನ್ನ ಮಾಡೋ ಆಸೆ. ಹ್ಯಾಂಗೋವರ್ ಅನ್ನೋ ಟ್ರೇಲ್ ಅಂತೂ ಬೇಡವೇ ಬೇಡ, ಪ್ರಪಾತದ ಅಂಚಲ್ಲೇ ದಾರಿ, ಡಬಲ್ ಬ್ಲ್ಯಾಕ್ ಅದು, ಅಂದ್ರೆ ತುಂಬಾ ಕಷ್ಟದ ದರ್ಜೆ.

ಇನ್ನೊಂದು, ಡೆಮೊ ಬೈಕ್ (ಓಡಿಸಿ ನೋಡೋಕೆ ಕೊಡೋ ಬೈಕ್) ತಗೊಳೋಕೆ ಬೆಳಿಗ್ಗೆ ಎಷ್ಟೊತ್ತಿಗೆ ಹೋದ್ರೆ ಸಣ್ಣ ಸೈಜ್ ಸಿಗತ್ತೆ? ತಂಗಿ ಐದಡಿ ಅಷ್ಟೇ. ಪೆಡಲ್ ನಮ್ದೇ ತಗೊಂಡು ಹೋಗ್ಬೇಕಾ? ಊರು 4,300 ಅಡಿ ಎತ್ತರದಲ್ಲಿದೆ, ಮಾರ್ಚ್ ಬೆಳಿಗ್ಗೆ ಸಿಕ್ಕಾಪಟ್ಟೆ ಚಳಿ ಇರತ್ತಲ್ವಾ, ಬೆರಳು ಪೂರ್ತಿ ಮುಚ್ಚೋ ಗ್ಲೌಸ್ ಬೇಕಾಗತ್ತಾ? ಗೊತ್ತಿರೋರು ದಯವಿಟ್ಟು ಹೇಳಿ, ಈ ವಾರಾನೇ ಟಿಕೆಟ್ ತಗೋಬೇಕು.