ಸುಂಕವೋ, ಕಂದಾಯವೋ? ಬರೀ ನೆಲದ ಮೇಲಿನ ತೆರಿಗೆಗೆ ಒಂದು ಪದ ಬೇಕು

ಗೆಳೆಯರಿಗೆಲ್ಲ ಮುಂಬೈಯ ಮುಲುಂಡಿನಿಂದ ನಮಸ್ಕಾರ.

ನಮ್ಮ ಸಂಘದ ತಿಂಗಳ ಪತ್ರಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮನೆ ಕೊಳ್ಳುವಾಗ ಒಮ್ಮೆಲೇ ಕಟ್ಟುವ ಸ್ಟ್ಯಾಂಪ್ ಡ್ಯೂಟಿ ತೆಗೆದು, ಬದಲಿಗೆ ನೆಲದ ಮೇಲೆ ವರ್ಷ ವರ್ಷ ತೆರಿಗೆ ಹಾಕಿದರೆ ಹೇಗೆ ಎಂಬುದು ವಿಷಯ. ಲೆಕ್ಕ ಅರ್ಥವಾಗಿದೆ. ಪದಗಳಲ್ಲೇ ಸಿಕ್ಕಿಬಿದ್ದಿದ್ದೇನೆ.

ಮೊದಲು ಸ್ಟ್ಯಾಂಪ್ ಡ್ಯೂಟಿ. ಸರ್ಕಾರಿ ಕನ್ನಡದಲ್ಲಿ ಅದು ಮುದ್ರಾಂಕ ಶುಲ್ಕ. ಇಲ್ಲಿನ ಮರಾಠಿ ಕಾಗದಗಳಲ್ಲೂ ಅದೇ ಪದ. ಆದರೆ ‘ಶುಲ್ಕ’ ಎಂದರೆ ಇವತ್ತಿನ ಓದುಗರಿಗೆ ಫೀಸು. ಶಾಲೆಯ ಶುಲ್ಕ, ಪ್ರವೇಶ ಶುಲ್ಕ ಇದ್ದ ಹಾಗೆ, ಯಾವುದೋ ಕೆಲಸ ಮಾಡಿಕೊಟ್ಟದ್ದಕ್ಕೆ ಕೊಡುವ ದುಡ್ಡು. ಮುಂಬೈಯಲ್ಲಿ 1 ಕೋಟಿಯ ಫ್ಲ್ಯಾಟಿಗೆ ನೋಂದಣಿ ಶುಲ್ಕ 30,000 ರೂಪಾಯಿ. ಮುದ್ರಾಂಕ ಶುಲ್ಕ ಮೆಟ್ರೋ ಸೆಸ್ ಸೇರಿ ಶೇ. 6, ಅಂದರೆ 6 ಲಕ್ಷ. ಮೊದಲನೆಯದು ನಿಜವಾಗಿ ಶುಲ್ಕ. ಎರಡನೆಯದು ಅಪ್ಪಟ ತೆರಿಗೆ. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರು ಏನೆಂದುಕೊಳ್ಳಬೇಕು?

ನನಗೆ ‘ಸುಂಕ’ ಸರಿ ಅನಿಸುತ್ತದೆ. ಶುಲ್ಕದ ತದ್ಭವವೇ ಸುಂಕ ಅಲ್ವಾ? ಆದರೂ ಎರಡೂ ದಾರಿ ಬೇರೆ ಮಾಡಿಕೊಂಡಿವೆ. ಸುಂಕ ಎಂದರೆ ಸರಕು ಕಟ್ಟೆ ದಾಟುವಾಗ ಕೊಡಬೇಕಾದದ್ದು. ದಾಟದಿದ್ದರೆ ಇಲ್ಲ. ಮನೆಯೂ ಹಾಗೆಯೇ, ಕೈ ಬದಲಾಗದಿದ್ದರೆ ಸ್ಟ್ಯಾಂಪ್ ಡ್ಯೂಟಿ ಇಲ್ಲ. ಮೊದಲು ನಾವು ಡೊಂಬಿವಿಲಿಯಲ್ಲಿದ್ದೆವು. ಮಗಳ ಮನೆ ಹತ್ತಿರ ಬರಬೇಕೆಂದು ಎಷ್ಟೋ ವರ್ಷ ಅಂದುಕೊಂಡೆವು. ಪ್ರತಿ ಸಲ ಈ ಒಂದು ಮೊತ್ತ ನೋಡಿ ಸುಮ್ನೆ ಕೂತೆವು. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಸರ್ಕಾರ ಮುಂಬೈಯಲ್ಲಿ ಅದನ್ನು ಆಗಿನ ಶೇ. 5ರಿಂದ 2ಕ್ಕೆ ಇಳಿಸಿತು. ಆಗಲೇ ನಾವು ಮುಲುಂಡಿಗೆ ಬಂದದ್ದು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ನನಗೆ ಅರ್ಥವಾದದ್ದು ಆ ವರ್ಷಗಳಲ್ಲಿ. ಮಗಳು ದೂರ ಇದ್ದಾಳೆ, ವಯಸ್ಸಾಗಿದೆ ಎಂಬುದೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ‘ಮುದ್ರಾಂಕ ಸುಂಕ’ ಎಂದು ಬರೆದಿದ್ದೇನೆ. ತಪ್ಪಾದರೆ ತಿದ್ದಿ.

ಈಗ ಕಷ್ಟದ ಪದ, ವರ್ಷ ವರ್ಷ ಕಟ್ಟುವ ಆ ನೆಲದ ತೆರಿಗೆಯದು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2012ರಲ್ಲಿ ಈ ಬದಲಾವಣೆ ಶುರುವಾಯಿತು. 20 ವರ್ಷದಲ್ಲಿ ಸುಂಕವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ವರ್ಷದ ತೆರಿಗೆಯನ್ನು ಏರಿಸುವ ಯೋಜನೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯ 2023ರ ಜನವರಿಯಲ್ಲಿ ಮೊದಲ ಮನೆ ಕೊಳ್ಳುವವರಿಗೆ ಆಯ್ಕೆ ಕೊಟ್ಟಿತ್ತು. ಒಮ್ಮೆಲೇ ಸುಂಕ ಕಟ್ಟಿ, ಇಲ್ಲವೇ ವರ್ಷಕ್ಕೆ 400 ಡಾಲರ್ ಮತ್ತು ನೆಲದ ಬೆಲೆಯ ಶೇ. 0.3 ಕಟ್ಟಿ ಎಂದು. ಸರ್ಕಾರ ಬದಲಾಗಿ, ಆ ಜೂನ್ ಕೊನೆಗೆ ಅದು ನಿಂತಿತು. ಲೆಕ್ಕ ಹಾಕುವುದು ನೆಲದ ಬೆಲೆಗೆ ಮಾತ್ರ. ಮೇಲೆ ಎರಡು ಮಾಳಿಗೆ ಇರಲಿ, ಇಪ್ಪತ್ತು ಇರಲಿ, ಕಟ್ಟಡದ ಬೆಲೆ ಸೇರುವುದಿಲ್ಲ. ಇದನ್ನು ‘ಖಾಲಿ ನೆಲದ ಬೆಲೆ’ ಎಂದು ಬರೆದಿದ್ದೆ. ಓದಿದ ಗೆಳೆಯರೊಬ್ಬರು ಖಾಲಿ ಸೈಟಿಗೆ ಮಾತ್ರ ತೆರಿಗೆ ಎಂದು ತಿಳಿದುಬಿಟ್ಟರು! ‘ಕಟ್ಟಡ ಬಿಟ್ಟು ನೆಲದ ಬೆಲೆ’ ಎಂದು ಬದಲಿಸಿದೆ. ಉದ್ದವಾಯಿತು, ಆದರೆ ಗೊಂದಲ ಹೋಯಿತು.

ತೆರಿಗೆಯ ಹೆಸರಿಗೆ ಸಂಘದಲ್ಲಿ ಕೇಳಿದೆ. ಉಡುಪಿ ಕಡೆಯ ಹಿರಿಯರು ತಕ್ಷಣ ‘ತೀರ್ವೆ’ ಎಂದರು. ಧಾರವಾಡದ ಅಕ್ಕ ‘ಪಟ್ಟಿ’ ಎಂದರು. ಮನೆ ತೆರಿಗೆಗೆ ಘರಪಟ್ಟಿ ಎಂದು ಇಲ್ಲಿ ಮರಾಠಿಯಲ್ಲೂ ಹೇಳುತ್ತಾರಲ್ಲ, ಅದೇ. 1956ರವರೆಗೆ ಉಡುಪಿ ಮದರಾಸಿನ ಆಡಳಿತದಲ್ಲಿ, ಧಾರವಾಡ ಮುಂಬೈಯ ಆಡಳಿತದಲ್ಲಿ ಇದ್ದವು. ಆಡಳಿತ ಹೋದರೂ ತೆರಿಗೆಯ ಪದಗಳು ಬಾಯಲ್ಲಿ ಉಳಿದಿವೆ. ಎರಡೂ ಚೆಂದವಾಗಿವೆ. ಆದರೆ ಒಂದು ಕಡೆಯವರಿಗೆ ಗೊತ್ತಿದ್ದು ಇನ್ನೊಂದು ಕಡೆಯವರಿಗೆ ಹೊಸದು.

‘ಕಂದಾಯ’ ಎಲ್ಲರಿಗೂ ಗೊತ್ತು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಕಾಲದ ಅರ್ಥ. ಪಂಚಾಂಗದಲ್ಲಿ ಕಂದಾಯ ಫಲ ನೋಡುತ್ತೀರಲ್ಲ, ಅಲ್ಲಿ ಒಂದು ಕಂದಾಯ ಅಂದರೆ ನಾಲ್ಕು ತಿಂಗಳು. ಗೊತ್ತಾದ ಹೊತ್ತಿಗೆ ಮತ್ತೆ ಮತ್ತೆ ಬರುವುದು ಎಂಬ ಭಾವ ಪದದೊಳಗೇ ಇದೆ. ಸುಂಕ ದಾಟಿದಾಗ, ಕಂದಾಯ ಕಾಲ ಬಂದಾಗ. ಲೇಖನದ ವಿಷಯವೇ ಇದು.

ಆದರೆ ‘ಭೂಕಂದಾಯ’ ಎಂದರೆ ಹೊಲ ಗದ್ದೆ, ಪಹಣಿ ನೆನಪಾಗುತ್ತದೆ. ‘ಮನೆ ಕಂದಾಯ’ ಎಂದರೆ ಕಟ್ಟಡವೂ ಸೇರುತ್ತದೆ. ಹಾಗಾಗಿ ನೆಲ ಸೇರಿಸಿ ‘ನೆಲಗಂದಾಯ’ ಎಂದು ಮಾಡಿದ್ದೇನೆ. ಹಳೆಯ ಶಾಸನಗಳಲ್ಲಿ ಮಗ್ಗದೆರೆ, ಗಾಣದೆರೆ ಇವೆಯಲ್ಲ, ಅದೇ ಅಚ್ಚಿನಲ್ಲಿ ‘ನೆಲದೆರೆ’ಯೂ ಆಗಬಹುದು. ಕಿವಿಗೆ ಇದೇ ಇಂಪು. ಆದರೆ ‘ತೆರೆ’ ಎಂದರೆ ಇವತ್ತಿನವರಿಗೆ ಸಮುದ್ರದ ಅಲೆ, ಇಲ್ಲವೇ ನಾಟಕದ ಪರದೆ. ಹೊಂದುತ್ತದೆಯೇ?

ಇನ್ನೊಂದು ಕಡೆ ಅಡ್ಡಿ ಬಂತು. ಕರಡು ಓದಿದ ಪಕ್ಕದ ಮನೆಯ ಆಂಟಿ, “ನಮಗೆಲ್ಲಿ ನೆಲ ಇದೆ? ಇರುವುದು ಮೂರನೇ ಮಾಳಿಗೆ” ಎಂದರು. ನಿಜವೇ. ಇಲ್ಲಿ ಎಷ್ಟೋ ಸೊಸೈಟಿಗಳ ಹೆಸರಿಗೆ ನೆಲದ ಕನ್ವೆಯನ್ಸ್, ಅಂದರೆ ಒಡೆತನದ ವರ್ಗಾವಣೆ, ಇನ್ನೂ ಆಗಿಲ್ಲ. ಕಾಗದದಲ್ಲಿ ನೆಲ ಬಿಲ್ಡರನದೋ ಹಳೆಯ ಮಾಲೀಕನದೋ ಇರುತ್ತದೆ. ಫ್ಲ್ಯಾಟಿನವರ ಪಾಲಿಗೆ ಬರುವ ನೆಲಕ್ಕೆ ‘ಅವಿಭಾಜ್ಯ ಹಕ್ಕು’ ಎಂದು ಬರೆಯುವುದಿದೆ, ಅದು ತುಂಬಾ ಭಾರ. ‘ಕೂಡುನೆಲದ ಪಾಲು’ ಎಂದರೆ ನಡೆಯುತ್ತದೆಯೇ?

ಕೊಡಗು, ಕಾಸರಗೋಡು, ಬೀದರ್ ಕಡೆಯವರು ನಿಮ್ಮ ಮನೆಯ ಹಿರಿಯರು ನೆಲದ ತೆರಿಗೆಗೆ ಏನೆನ್ನುತ್ತಿದ್ದರು ಎಂದು ದಯವಿಟ್ಟು ಬರೆಯಿರಿ. ಪತ್ರಿಕೆ ಅಚ್ಚಿಗೆ ಹೋಗುವುದು ಈ ತಿಂಗಳ 20ಕ್ಕೆ.