ಮನೆ ಹತ್ರ ಸೂಪರ್‌ಫಂಡ್ ಸೈಟ್ ಇದೆಯಂತೆ, ಕಂಪನಿನೇ ಮುಚ್ಚಿಹೋಗಿದ್ರೆ ಕ್ಲೀನ್ ಮಾಡೋರು ಯಾರು?

ತುಂಗಾತೀರ:
ಎಲ್ರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಾಡಿಗೆಗಿದೀವಿ, ಈಗ ಇಲ್ಲೇ ಒಂದು ಮನೆ ನೋಡಿದೀವಿ, ಮಗಳ ಸ್ಕೂಲಿಗೂ ಹತ್ರ, ಎಲ್ಲಾ ಹಿಡಿಸಿತ್ತು, ಆದ್ರೆ ನಿನ್ನೆ ನಮ್ಮನೆಯವ್ರ ಆಫೀಸಿನವರೊಬ್ರು ಆ ಕಡೆ ಹಳೇ ಕೀಟನಾಶಕ ಫ್ಯಾಕ್ಟರಿ ಇತ್ತು, ಸೂಪರ್‌ಫಂಡ್ ಜಾಗ ಅದು, ಅಂದ್ರೆ ವಿಷ ತುಂಬಿದ್ದು ಸರ್ಕಾರದ ಕಾನೂನಿನ ಪ್ರಕಾರ ಕ್ಲೀನ್ ಮಾಡ್ಬೇಕಾದ ಜಾಗ, ವಿಚಾರಿಸಿ ಅಂದ್ರಂತೆ. ಆವಾಗಿಂದ ತಲೆ ಕೆಟ್ಟೋಗಿದೆ. ಕಂಪನಿನೇ ದಿವಾಳಿ ಆದ್ಮೇಲೆ ಅದು ಬಿಟ್ಟೋದ ವಿಷ ತೆಗೆಯೋರು ಯಾರು? ತೆಗ್ದಾಯ್ತು ಅಂತ ಸರ್ಕಾರ ಹೇಳಿದ್ರೆ ನಂಬಬಹುದಾ?

ಮಣ್ಣಿನವ:
ನಾನು ಮಣ್ಣು, ನೀರು ಟೆಸ್ಟಿಂಗ್ ಕೆಲಸದಲ್ಲಿರೋನು. ನೀವು ಹೇಳ್ತಿರೋದು ಕೆಮಿಕಲ್ ಇನ್ಸೆಕ್ಟಿಸೈಡ್ ಕಾರ್ಪೊರೇಷನ್ ಜಾಗ ಇರ್ಬೇಕು. 1954ರಿಂದ 1970ರವರೆಗೆ ಅಲ್ಲಿ ಕೀಟನಾಶಕ, ಕಳೆನಾಶಕ ಮಾಡ್ತಿದ್ರು, 1970ರಲ್ಲಿ ದಿವಾಳಿ, ಮಣ್ಣಲ್ಲಿ ಆರ್ಸೆನಿಕ್, ಡಯಾಕ್ಸಿನ್ ಅನ್ನೋ ವಿಷಗಳೆಲ್ಲಾ ಉಳೀತು, ಅಲ್ಲಿ ಓಡಾಡೋ ಮೊಲಗಳ ತುಪ್ಪಳ ಹಸಿರು ಬಣ್ಣಕ್ಕೆ ತಿರುಗಿತ್ತು ಅಂತ ಆ ಕಾಲದವರು ಹೇಳ್ತಾರೆ. 1990ರಲ್ಲಿ ಅದು ಕ್ಲೀನ್ ಮಾಡ್ಬೇಕಾದ ಜಾಗಗಳ ಕೇಂದ್ರದ ಆದ್ಯತಾ ಪಟ್ಟಿಗೆ ಸೇರ್ತು. ಕಂಪನಿ ಇಲ್ಲದ್ರಿಂದ ಇಪಿಎನೇ (ಅಮೆರಿಕ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ) ಮುಂದೆ ನಿಂತು ಮೊದಲು ಮಣ್ಣಿನ ಮೇಲೆ ಹೊದಿಕೆ ಹಾಕಿ ಮಳೆನೀರು ಒಳಗಿಳಿಯದ ಹಾಗೆ ಮಾಡ್ತು, ಆಮೇಲೆ ಮಣ್ಣನ್ನೇ ಅಗೆದು ಹೊರಗೆ ಸಾಗಿಸ್ತು.

ಈ ಸೂಪರ್‌ಫಂಡ್ ಕಾನೂನು ಬಂದಿದ್ದು 1980ರಲ್ಲಿ, ಲವ್ ಕೆನಾಲ್ ಗಲಾಟೆ ಆದ್ಮೇಲೆ. ನ್ಯೂಯಾರ್ಕ್ ರಾಜ್ಯದಲ್ಲಿ ಸುಮಾರು 21,000 ಟನ್ ಕೆಮಿಕಲ್ ಹೂತಿದ್ದ ಕಾಲುವೆ ಜಾಗದಲ್ಲೇ ಸ್ಕೂಲು, ಅದರ ಪಕ್ಕದಲ್ಲೇ ಮನೆ ಕಟ್ಟಿದ್ರು. ಕಾನೂನಿನ ಜೀವ ಇರೋದು ಒಂದೇ ವಿಷ್ಯದಲ್ಲಿ, ತಪ್ಪು ಯಾರದ್ದು ಅಂತ ಕೋರ್ಟಲ್ಲಿ ತೀರ್ಮಾನ ಆಗೋವರೆಗೂ ಕಾಯ್ಬೇಕಾಗಿಲ್ಲ, ಮೊದಲು ಸರ್ಕಾರದ ಸೂಪರ್‌ಫಂಡ್ ಅನ್ನೋ ಫಂಡಿಂದ ಕ್ಲೀನ್ ಮಾಡು, ಆಮೇಲೆ ತಪ್ಪು ಮಾಡಿದವರಿಂದ ವಸೂಲಿ ಮಾಡು. ಕಂಪನಿ ಬದುಕಿದ್ದೂ ಇಪಿಎ ಆದೇಶ ಕೊಟ್ಟಾಗ ಸರಿಯಾದ ಕಾರಣ ಇಲ್ಲದೆ ಮಾಡದಿದ್ರೆ ಖರ್ಚಿನ ಮೂರು ಪಟ್ಟುವರೆಗೂ ದಂಡ ಹಾಕ್ಬಹುದು. ಫಂಡಿಂದ ಮಾಡಿದ ಕಡೆ ರಾಜ್ಯ ಸರ್ಕಾರನೂ ಸಾಮಾನ್ಯವಾಗಿ ಹತ್ತು ಪರ್ಸೆಂಟ್ ಹಾಕ್ಬೇಕು.

ನಂಬಬಹುದಾ ಅಂದ್ರಲ್ಲ, ಬಾಯಿಮಾತು ನಂಬ್ಬೇಡಿ, ಪೇಪರ್ ಓದಿ. ವಿಷ ಪೂರ್ತಿ ಹೋಗದೆ ಉಳಿದಿರೋ ಕಡೆ ಐದು ವರ್ಷಕ್ಕೊಮ್ಮೆ ಮರುಪರಿಶೀಲನೆ ಮಾಡಲೇಬೇಕು, ಆ ರಿಪೋರ್ಟ್ ಇಪಿಎ ವೆಬ್‌ಸೈಟಲ್ಲಿ ಸಿಗುತ್ತೆ. ಮಣ್ಣು ತೆಗೆದ್ರೂ ಅಂತರ್ಜಲದ ಕಥೆ ಬೇರೆ ಇರುತ್ತೆ, ಅದನ್ನ ಪ್ರತ್ಯೇಕವಾಗಿ ನೋಡಿ. ಮನೆಗೆ ನೀರು ಪೈಪಿಂದ ಬರುತ್ತೋ ಬೋರ್‌ವೆಲ್ಲಿಂದಾನೋ ಅಂತಾನೂ ಕೇಳಿ.

ಹಾಸನದ ಹೊಯ್ಸಳ:
ಮಣ್ಣಿನವರು ಒಂದು ಬಿಟ್ರು. ಆ ಫಂಡಿಗೆ ದುಡ್ಡು ಬರ್ತಿದ್ದಿದ್ದು ಮುಖ್ಯವಾಗಿ ಪೆಟ್ರೋಲಿಯಂ, ಕೆಮಿಕಲ್ ಕಂಪನಿಗಳ ಮೇಲಿನ ತೆರಿಗೆಯಿಂದ. 1995ರಲ್ಲಿ ಆ ತೆರಿಗೆ ಮುಗೀತು, ಅಮೆರಿಕದ ಸಂಸತ್ತು ಮತ್ತೆ ತರ್ಲಿಲ್ಲ, ಆಮೇಲೆ ಹತ್ತಿರತ್ತಿರ 25 ವರ್ಷ ಜನಸಾಮಾನ್ಯರ ತೆರಿಗೆ ದುಡ್ಡಲ್ಲೇ ಜಾಸ್ತಿ ನಡೀತು, ದುಡ್ಡು ಸಾಲದೆ ಎಷ್ಟೋ ಜಾಗ ಹಾಗೇ ಬಿದ್ವು. 2021, 2022ರ ಕಾನೂನಲ್ಲಿ ತೆರಿಗೆ ವಾಪಸ್ ಬಂತು. ನನಗೆ ಇದು ಬಹಳ ಅನ್ಯಾಯ ಅನ್ಸುತ್ತೆ, ಲಾಭ ಒಬ್ರದ್ದು, ಗುಡಿಸೋ ಖರ್ಚು ಊರಿನವರದ್ದು.

ಭದ್ರಾವತಿಯವಳು:
ಅನ್ಯಾಯ ಹೌದು, ಆದ್ರೆ ಫಂಡೇ ಇಲ್ಲದ ಕಡೆ ಏನಾಗುತ್ತೆ ನೋಡಿ. ಭೋಪಾಲ್ ಅನಿಲ ದುರಂತ ಆಗಿದ್ದು 1984ರಲ್ಲಿ. ಆ ಫ್ಯಾಕ್ಟರಿ ಅಂಗಳದಲ್ಲಿದ್ದ 337 ಟನ್ ವಿಷತ್ಯಾಜ್ಯ ಊರು ಬಿಟ್ಟಿದ್ದು 2025ರ ಜನವರಿ 1ರ ರಾತ್ರಿ, ಹನ್ನೆರಡು ಕಂಟೇನರಲ್ಲಿ, ಅದೂ ಹೈಕೋರ್ಟ್ ಗದರಿಸಿದ ಮೇಲೆ. ಆ ಫ್ಯಾಕ್ಟರಿ ಹಿಂದಿದ್ದ ಯೂನಿಯನ್ ಕಾರ್ಬೈಡ್ ಅನ್ನ ಅಮೆರಿಕದ ಡೌ ಕಂಪನಿ ಕೊಂಡ್ಕೊಂಡಿದ್ದು 2001ರಲ್ಲಿ, ಹೊಣೆ ನಮ್ದಲ್ಲ ಅಂದ್ಬಿಟ್ರು, ಕೊನೆಗೆ 126 ಕೋಟಿ ನಮ್ಮ ಕೇಂದ್ರ ಸರ್ಕಾರದ ದುಡ್ಡು. ತ್ಯಾಜ್ಯ ಸಾಗಿಸಿದ ಪೀತಂಪುರದಲ್ಲಿ ಅದನ್ನ ಸುಡೋದು ಬೇಡ ಅಂತ ಅಲ್ಲಿನ ಜನ ಬೀದಿಗಿಳಿದ್ರು, ಅವರ ಭಯ ನನಗೆ ಅರ್ಥ ಆಗುತ್ತೆ. ಫ್ಯಾಕ್ಟರಿ ಸುತ್ತಲ ಮಣ್ಣು, ಅಂತರ್ಜಲದಲ್ಲಿರೋದು ಇನ್ನೂ ಅಲ್ಲೇ ಇದೆ. 2025ರ ಜುಲೈನಲ್ಲಿ ಭಾರತದಲ್ಲೂ ಕಲುಷಿತ ಜಾಗಗಳ ನಿಯಮ ಬಂದಿದೆ, ಮಾಲಿನ್ಯ ಮಾಡಿದವರು ಸಿಗದಿದ್ರೆ ಕೇಂದ್ರ ರಾಜ್ಯ ಸೇರಿ ಖರ್ಚು ಹಾಕ್ಬೇಕು ಅಂತ ಇದೆ. ನಿಯಮ ಇದ್ದರಾಯ್ತಾ, ದುಡ್ಡು ಮೊದಲೇ ಎತ್ತಿಟ್ಟಿರಬೇಕು.

ತುಂಗಾತೀರ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇಪಿಎ ಪೇಜ್ ತೆಗೆದು ಅಂತರ್ಜಲದ ಭಾಗ ಓದ್ತಾ ಇದೀನಿ, ಅರ್ಥ ಆಗದ ಕಡೆ ಫೋಟೋ ಹಾಕ್ತೀನಿ, ಮಣ್ಣಿನವರೇ ದಯವಿಟ್ಟು ನೋಡಿ ಹೇಳಿ. ಅದು ಮುಗಿಯೋವರೆಗೂ ಅಡ್ವಾನ್ಸ್ ಕೊಡ್ಬೇಡಿ ಅಂತ ಮನೇಲಿ ಹೇಳಿದೀನಿ.